ಜೈಲಿಗೆ ಬಂದ ಮೊದಲ ಮೂರು ದಿನ: ಕುಡಿತ ಅಥವಾ ನಶೆ ಏಕಾಏಕಿ ನಿಂತವರನ್ನು ನೋಡಿಕೊಳ್ಳುವುದು ಹೇಗೆ?

ರಾತ್ರಿಪಾಳಿ ನರ್ಸ್ (ಪ್ರಶ್ನೆ)

ನಮಸ್ಕಾರ. ಶಸ್ತ್ರಚಿಕಿತ್ಸಾ ವಾರ್ಡಿನಲ್ಲಿ ಹಲವು ವರ್ಷ ಕೆಲಸ ಮಾಡಿದ ಮೇಲೆ, ಈಗ ಏಳು ತಿಂಗಳಿನಿಂದ ಕಾರಾಗೃಹವೊಂದರ ಚಿಕಿತ್ಸಾ ಘಟಕದಲ್ಲಿ ನರ್ಸ್ ಆಗಿದ್ದೇನೆ. ಹಗಲಿನಲ್ಲಿ ವೈದ್ಯರು ಇರುತ್ತಾರೆ. ರಾತ್ರಿ ಹೊತ್ತು ನಾನೊಬ್ಬಳೇ, ಬೇಕಾದರೆ ಅವರಿಗೆ ಫೋನ್ ಮಾಡಬಹುದು. ಇತ್ತೀಚೆಗೆ ನಡೆದ ಒಂದು ಘಟನೆ ಮನಸ್ಸಿನಿಂದ ಹೋಗುತ್ತಿಲ್ಲವಾದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ.

ಐವತ್ತರ ಆಸುಪಾಸಿನ ವ್ಯಕ್ತಿಯೊಬ್ಬರು ಸಂಜೆ ದಾಖಲಾದರು. ಕುಡಿಯುವ ಅಭ್ಯಾಸವಿದೆಯೇ ಎಂದು ಕೇಳಿದ್ದಕ್ಕೆ "ಸ್ವಲ್ಪ" ಎಂದರು, ದಾಖಲಾತಿ ನಮೂನೆಯಲ್ಲೂ "ಸ್ವಲ್ಪ" ಎಂದೇ ಬರೆಯಲಾಯಿತು. ಮರುದಿನ ಅವರ ಕೈ ನಡುಗುತ್ತಿದ್ದುದನ್ನು ಕಂಡವರು ಹೆದರಿಕೆಯಿಂದ ಇರಬೇಕು ಎಂದುಕೊಂಡರು. ಅದರ ಮರುರಾತ್ರಿ ಎರಡು ಗಂಟೆಗೆ ನನ್ನನ್ನು ಬ್ಯಾರಕ್ಕಿಗೆ ಕರೆದರು. ಆ ಮನುಷ್ಯ ಗೋಡೆಗೆ ಒರಗಿ ಕುಳಿತು, ಕಂಬಳಿಯಿಂದ ಒಂದೊಂದೇ ದಾರವನ್ನು ಹೆಕ್ಕಿ ಎಡಗೈಯ ಬೊಗಸೆಯಲ್ಲಿ ಇಟ್ಟುಕೊಳ್ಳುತ್ತಿದ್ದರು. ಬಿದ್ದುಹೋದೀತೆಂದು ಮುಷ್ಟಿ ಬಿಗಿಹಿಡಿಯುತ್ತಿದ್ದರು. ಅಲ್ಲಿ ದಾರವೇ ಇರಲಿಲ್ಲ. ಕಾವಲಿನವರನ್ನು ತಮ್ಮ ಮಗನ ಹೆಸರಿನಿಂದ ಕರೆಯುತ್ತಿದ್ದರು. ನಾಡಿ ಬಡಿತ ನಿಮಿಷಕ್ಕೆ 130 ದಾಟಿತ್ತು, ಮೈ ಸುಡುತ್ತಿತ್ತು, ಅಂಗಿ ಬೆವರಿನಿಂದ ತೊಯ್ದಿತ್ತು. ಆದರೆ ಕಾವಲು ಪುಸ್ತಕದಲ್ಲಿ ಅಷ್ಟರೊಳಗೆ "ಗಲಾಟೆ ಮಾಡುತ್ತಿದ್ದಾನೆ, ಹೇಳಿದ ಮಾತು ಕೇಳುತ್ತಿಲ್ಲ" ಎಂದು ನಮೂದಾಗಿತ್ತು, ಅವರನ್ನು ಒಂಟಿ ಕೋಣೆಗೆ ಹಾಕುವ ಸಿದ್ಧತೆ ನಡೆದಿತ್ತು. ವೈದ್ಯರಿಗೆ ಫೋನ್ ಮಾಡಿ, ಹೊರಗಿನ ಆಸ್ಪತ್ರೆಗೆ ಸಾಗಿಸುವಷ್ಟರಲ್ಲಿ ಎರಡು ಗಂಟೆ ಕಳೆಯಿತು. ಅವರು ಬದುಕಿಕೊಂಡರು.

ನನ್ನ ಪ್ರಶ್ನೆಗಳು ಇವು. ದಾಖಲಾಗುವಾಗ ಇಂಥವರನ್ನು ಗುರುತಿಸಲು ಏನು ಕೇಳಬೇಕು? ಎಷ್ಟು ಹೊತ್ತಿಗೊಮ್ಮೆ ನೋಡಬೇಕು? ಅಫೀಮಿನ ಜಾತಿಯ ಮಾದಕವಸ್ತು ಬಿಟ್ಟಾಗ ಹಿಂಸೆಯಾಗುತ್ತದೆ ಹೊರತು ಯಾರೂ ಸಾಯುವುದಿಲ್ಲ ಎಂದು ಸಹೋದ್ಯೋಗಿಗಳು ಹೇಳುತ್ತಾರೆ, ಅದು ನಿಜವೇ? ನಾಟಕ ಮಾಡುವವರನ್ನು ಬೇರ್ಪಡಿಸುವುದು ಹೇಗೆ ಎಂಬ ಪ್ರಶ್ನೆಯನ್ನೂ ಕೇಳಬೇಕಾಗಿದೆ, ಏಕೆಂದರೆ ನನಗೆ ದಿನವೂ ಎದುರಾಗುವ ಮಾತು ಅದೇ.

ವ್ಯಸನ ಚಿಕಿತ್ಸಾ ವೈದ್ಯ

ಮೇಡಂ, ನೀವು ಕಂಡದ್ದು ಡೆಲಿರಿಯಂ ಟ್ರೆಮೆನ್ಸ್, ಹಳಬರು ಸನ್ನಿ ಎನ್ನುತ್ತಿದ್ದ ಸ್ಥಿತಿ. ಇಲ್ಲದ ದಾರವನ್ನು ಹೆಕ್ಕುವುದು ಅದರ ಬಹಳ ಹಳೆಯ, ಬಹಳ ನಂಬಲರ್ಹ ಗುರುತು. ಅದನ್ನು ಗುರುತಿಸಿ ಆಸ್ಪತ್ರೆಗೆ ಕಳಿಸಿದ್ದರಿಂದ ಒಂದು ಜೀವ ಉಳಿದಿದೆ. ಸರಿಯಾದ ಚಿಕಿತ್ಸೆ ಸಿಕ್ಕಿದಲ್ಲಿ ಈ ಸ್ಥಿತಿಯಲ್ಲಿ ಸಾಯುವವರು ನೂರಕ್ಕೆ 5ಕ್ಕಿಂತ ಕಡಿಮೆ, ಚಿಕಿತ್ಸೆ ಇಲ್ಲದಿದ್ದರೆ ಅದರ ಹಲವು ಪಟ್ಟು.

ಮದ್ಯ ಮಿದುಳಿನ ಚಟುವಟಿಕೆಯನ್ನು ತಗ್ಗಿಸುತ್ತದೆ. ವರ್ಷಗಟ್ಟಲೆ ದಿನವೂ ಕುಡಿಯುವವರ ಮಿದುಳು ಅದಕ್ಕೆ ಸರಿದೂಗಿಸಲು ತನ್ನ ಉದ್ರೇಕವನ್ನು ಏರಿಸಿಕೊಂಡಿರುತ್ತದೆ. ಮದ್ಯ ಒಮ್ಮೆಲೇ ನಿಂತಾಗ ತಗ್ಗಿಸುವುದು ಇಲ್ಲವಾಗಿ ಏರಿದ ಉದ್ರೇಕವಷ್ಟೇ ಉಳಿಯುತ್ತದೆ. ಕೊನೆಯ ಗುಟುಕಿನಿಂದ 6ರಿಂದ 24 ಗಂಟೆಯೊಳಗೆ ನಡುಕ, ಬೆವರು, ವಾಕರಿಕೆ, ನಿದ್ರೆಗೇಡು ಶುರುವಾಗುತ್ತವೆ. ಫಿಟ್ಸ್ ಬರುವುದಿದ್ದರೆ ಹೆಚ್ಚಾಗಿ 6ರಿಂದ 48 ಗಂಟೆಯ ನಡುವೆ ಬರುತ್ತದೆ. ಸನ್ನಿ ಕಾಣಿಸಿಕೊಳ್ಳುವುದು ಸಾಮಾನ್ಯವಾಗಿ 48ರಿಂದ 96 ಗಂಟೆಯ ನಡುವೆ. ಈ ಲೆಕ್ಕವನ್ನು ಜೈಲಿಗೆ ಬಂದ ಗಂಟೆಯಿಂದ ಹಾಕಬಾರದು ಎಂಬುದು ಅನೇಕರು ಮರೆಯುವ ಸಂಗತಿ. ಬಂಧನವಾಗಿ, ಪೊಲೀಸ್ ವಶದಲ್ಲಿದ್ದು, ನ್ಯಾಯಾಲಯಕ್ಕೆ ಹೋಗಿ ನಿಮ್ಮ ಬಾಗಿಲಿಗೆ ಬರುವಷ್ಟರಲ್ಲಿ ಒಂದು ದಿನವೋ ಒಂದೂವರೆ ದಿನವೋ ಆಗಲೇ ಕಳೆದಿರುತ್ತದೆ, ಆದ್ದರಿಂದ ನಿಮ್ಮ ಪಾಲಿಗೆ ಮೊದಲನೆಯದಾದ ರಾತ್ರಿ ಅವರ ಮಿದುಳಿಗೆ ಎರಡನೆಯದೋ ಮೂರನೆಯದೋ ಆಗಿರುತ್ತದೆ. ಇದಕ್ಕೆ ವಿರುದ್ಧವಾಗಿ, ಬಾಯಿಂದ ಮದ್ಯದ ವಾಸನೆ ಬರುತ್ತಿರುವಾಗಲೇ ನಡುಕ ಆರಂಭವಾಗಿರುವವರೂ ಇದ್ದಾರೆ. ತುಂಬ ಕುಡಿಯುವವರ ದೇಹಕ್ಕೆ ರಕ್ತದಲ್ಲಿನ ಪ್ರಮಾಣ ಇಳಿಯತೊಡಗಿದರೆ ಸಾಕು.

"ಕುಡಿಯುತ್ತೀರಾ" ಎಂಬ ಪ್ರಶ್ನೆಗೆ "ಸ್ವಲ್ಪ" ಎಂಬುದೇ ಉತ್ತರ, ಅದು ಜಗತ್ತಿನ ಎಲ್ಲೆಡೆಯೂ ಹಾಗೆಯೇ. ಕೊನೆಯ ಬಾರಿ ಕುಡಿದದ್ದು ಎಷ್ಟು ಗಂಟೆಗೆ, ಬೆಳಿಗ್ಗೆ ಎದ್ದೊಡನೆ ಕುಡಿಯದಿದ್ದರೆ ಕೈ ನಡುಗುತ್ತದೆಯೇ, ಹಿಂದೆ ಬಿಟ್ಟಾಗ ಫಿಟ್ಸ್ ಬಂದಿತ್ತೇ, ಇಲ್ಲದ್ದು ಕಂಡಿತ್ತೇ ಎಂದು ಕೇಳಿರಿ. ಕೊನೆಯ ಎರಡು ಪ್ರಶ್ನೆಗಳಲ್ಲಿ ಯಾವುದಕ್ಕಾದರೂ ಹೌದು ಎಂದರೆ, ಈಗ ಅವರು ಎಷ್ಟೇ ಶಾಂತವಾಗಿ ಕಂಡರೂ ಆ ಕ್ಷಣದಿಂದಲೇ ಅಪಾಯದ ಗುಂಪಿಗೆ ಸೇರಿಸಿ, ಏಕೆಂದರೆ ಒಮ್ಮೆ ಬಂದವರಿಗೆ ಮತ್ತೆ ಬರುವ ಸಂಭವ ಹೆಚ್ಚು. ನಿದ್ರೆ ಮಾತ್ರೆ, ಆತಂಕದ ಮಾತ್ರೆಗಳ ಬಗ್ಗೆಯೂ ಬಿಡಿಸಿ ಕೇಳಬೇಕು. ಆಲ್ಪ್ರಜೋಲಾಂ, ಡಯಾಜಿಪಾಂ ಮುಂತಾದವು ನಿಂತಾಗಲೂ ಫಿಟ್ಸ್ ಬರಬಹುದು, ಡಯಾಜಿಪಾಮಿನಂಥ ನಿಧಾನ ಮಾತ್ರೆಯ ವಿಡ್ರಾಯಲ್ (ಅಭ್ಯಾಸವಾದ ವಸ್ತು ನಿಂತಾಗ ಬರುವ ಲಕ್ಷಣಗಳು) ವಾರ ಕಳೆದ ಮೇಲೂ ಮುಖ ತೋರಿಸಬಹುದು. ಈ ಉತ್ತರಗಳು ಚಿಕಿತ್ಸೆಗೆ ಮಾತ್ರ ಎಂದು ಮೊದಲೇ ತಿಳಿಸಿ, ಹಾಗೆಯೇ ನಡೆದುಕೊಳ್ಳಿ; ಪಕ್ಕದಲ್ಲಿ ಪೊಲೀಸರು ನಿಂತಿರುವಾಗ ನಿಜ ಹೊರಬರುವುದಿಲ್ಲ.

ಮದ್ಯ ನಿಂತವರನ್ನು ನೋಡುವುದಕ್ಕೆ ಸಿವಾ-ಎಆರ್ ಎಂಬ ಅಳತೆಪಟ್ಟಿ ಇದೆ. ವಾಕರಿಕೆ, ನಡುಕ, ಬೆವರು, ಆತಂಕ, ಚಡಪಡಿಕೆ, ತಲೆನೋವು, ಸ್ಪರ್ಶ, ಶ್ರವಣ ಮತ್ತು ದೃಷ್ಟಿಯ ಭ್ರಮೆಗಳು, ಸ್ಥಳ ಮತ್ತು ಕಾಲದ ಅರಿವು ಎಂದು 10 ಅಂಶಗಳು, ಒಟ್ಟು ಅಂಕ 67. ಅಂಕ 8ಕ್ಕಿಂತ ಕೆಳಗಿದ್ದರೆ ಸಾಮಾನ್ಯವಾಗಿ ಸೌಮ್ಯವೆಂದು ಎಣಿಸುತ್ತಾರೆ. ಎಷ್ಟು ಹೊತ್ತಿಗೊಮ್ಮೆ ಎಂಬುದನ್ನು ನಿಮ್ಮ ವೈದ್ಯರು ಬರೆದುಕೊಡಬೇಕು. ಅಪಾಯದ ಗುಂಪಿನವರನ್ನು ಮೊದಲ 72 ಗಂಟೆ ಕೆಲವು ಗಂಟೆಗಳಿಗೊಮ್ಮೆ, ಲಕ್ಷಣ ಏರುತ್ತಿದ್ದರೆ ಗಂಟೆಗೊಮ್ಮೆ ನೋಡುವುದು ರೂಢಿ. ಆದರೆ ಈ ಪಟ್ಟಿ ರೋಗಿಯ ಮಾತನ್ನು ಬಹಳ ಮಟ್ಟಿಗೆ ಅವಲಂಬಿಸಿದೆ. ಗೊಂದಲದಲ್ಲಿ ಇರುವವರಿಗೆ, ನಿಮ್ಮ ಭಾಷೆ ಬಾರದವರಿಗೆ ಅದು ಕೈಕೊಡುತ್ತದೆ, ಆಗ ನಾಡಿ, ರಕ್ತದೊತ್ತಡ, ಜ್ವರ, ಉಸಿರನ್ನೇ ನಂಬಬೇಕು. ಗೊಂದಲವೆಲ್ಲ ವಿಡ್ರಾಯಲ್ ಎಂದು ತೀರ್ಮಾನಿಸುವುದೂ ಅಷ್ಟೇ ಅಪಾಯಕಾರಿ. ಬಂಧನದ ವೇಳೆ ತಲೆಗೆ ಬಿದ್ದ ಪೆಟ್ಟು, ರಕ್ತದಲ್ಲಿ ಸಕ್ಕರೆ ಇಳಿದಿರುವುದು, ಸೋಂಕು, ಇವೆಲ್ಲ ಹೊರನೋಟಕ್ಕೆ ಹೀಗೆಯೇ ಕಾಣುತ್ತವೆ.

ಚಿಕಿತ್ಸೆಯ ಮುಖ್ಯ ಔಷಧಿ ಡಯಾಜಿಪಾಂ ಸೇರಿರುವ ಬೆಂಜೋಡಯಾಜಿಪೈನ್ ಗುಂಪಿನದು. ಯಕೃತ್ತು ಹಾಳಾದವರಿಗೆ ಹೆಚ್ಚಾಗಿ ಅದೇ ಗುಂಪಿನ ಲೊರಾಜಿಪಾಂ ಆರಿಸಿಕೊಳ್ಳುತ್ತೇವೆ. ಗ್ಲೂಕೋಸ್ ಡ್ರಿಪ್ ಹಾಕುವ ಸಂದರ್ಭ ಬಂದರೆ ಅದಕ್ಕೆ ಮೊದಲು ಅಥವಾ ಅದರ ಜೊತೆಗೇ ಥಯಾಮಿನ್ ಕೊಡುವುದನ್ನು ಮರೆಯಬಾರದು, ಬಿ1 ಜೀವಸತ್ವ ಬರಿದಾದ ದೇಹಕ್ಕೆ ಬರೀ ಗ್ಲೂಕೋಸ್ ಸುರಿದರೆ ವರ್ನಿಕೆ ಎಂಬ ಮಿದುಳಿನ ಕಾಯಿಲೆ ಕೆರಳಬಹುದು. ಕೂಗಾಟ ನಿಲ್ಲಿಸಲೆಂದು ಮನೋರೋಗದ ಔಷಧಿಯಾದ ಹಾಲೋಪೆರಿಡಾಲ್ ಒಂದನ್ನೇ ಚುಚ್ಚಿ ಸುಮ್ಮನಾಗುವುದನ್ನು ನಾನು ಕಂಡಿದ್ದೇನೆ. ಅದು ಫಿಟ್ಸ್ ಬರುವುದನ್ನು ಇನ್ನಷ್ಟು ಸುಲಭಗೊಳಿಸುತ್ತದೆ.

ಇನ್ನು ನಾಟಕದ ವಿಷಯ. ಹಿಗ್ಗಿದ ಕಣ್ಣಿನ ಪಾಪೆ, ನಿಮಿರಿ ನಿಂತ ಮೈರೋಮ, ಏರಿದ ನಾಡಿ, ಇವುಗಳನ್ನು ಬೇಕೆಂದಾಗ ತಂದುಕೊಳ್ಳುವ ನಟ ಇನ್ನೂ ಹುಟ್ಟಿಲ್ಲ.

ನಿವೃತ್ತ ಜೈಲು ಅಧಿಕಾರಿ

ವೈದ್ಯರು ಹೇಳಿದ್ದಕ್ಕೆ ಆಡಳಿತದ ಕಡೆಯಿಂದ ಕೆಲವು ಮಾತು ಸೇರಿಸುತ್ತೇನೆ, ಏಕೆಂದರೆ ನನ್ನ ಸೇವಾವಧಿಯಲ್ಲಿ ಇಂಥ ಸಾವುಗಳ ವಿಚಾರಣೆಗೆ ಕುಳಿತಾಗ ಔಷಧಿಯ ಕೊರತೆಗಿಂತ ಹೆಚ್ಚಾಗಿ ಕಂಡದ್ದು ಪಾಳಿ ಬದಲಾಗುವಾಗ ಮಾತು ಕಳೆದುಹೋದದ್ದು. ಸಂಜೆಯವರಿಗೆ ಗೊತ್ತಿದ್ದುದು ರಾತ್ರಿಯವರಿಗೆ ಗೊತ್ತಿರಲಿಲ್ಲ. ಆದ್ದರಿಂದ ವಿಡ್ರಾಯಲ್ ನಿಗಾದಲ್ಲಿರುವವರ ಹೆಸರು, ಕೊನೆಯ ಸೇವನೆಯ ದಿನ ಮತ್ತು ಗಂಟೆ, ಮುಂದಿನ ತಪಾಸಣೆಯ ಹೊತ್ತು, ಈ ಮೂರನ್ನು ವೈದ್ಯಕೀಯ ಕಡತದಲ್ಲಿ ಮುಚ್ಚಿಡದೆ ಕಾವಲಿನವರ ಪಾಳಿ ಪುಸ್ತಕದ ಮೊದಲ ಪುಟಕ್ಕೂ ತರಬೇಕು. ರೋಗದ ವಿವರ ಅವರಿಗೆ ಬೇಕಿಲ್ಲ, ಹೊತ್ತು ಗೊತ್ತಿದ್ದರೆ ಸಾಕು.

ಇಂಥವರಿಗೆ ಯಾವತ್ತೂ ಕೆಳಗಿನ ಮಂಚವನ್ನೇ ಕೊಡಿ. ಮೇಲಿನ ಮಂಚದಲ್ಲಿ ಫಿಟ್ಸ್ ಬಂದರೆ ಏನಾಗುತ್ತದೆಂದು ವಿವರಿಸಬೇಕಿಲ್ಲ. ಒಂಟಿ ಕೋಣೆ ಬೇಡ. ಕಿಂಡಿಯಿಂದ ಇಣುಕಿ "ಮಲಗಿದ್ದಾನೆ" ಎಂದು ಬರೆಯುವುದನ್ನು ತಪಾಸಣೆ ಎಂದು ಒಪ್ಪಬೇಡಿ. ಹೆಸರು ಹಿಡಿದು ಕರೆದಾಗ ಉತ್ತರಿಸಿದರೇ, ನೀರು ಎಷ್ಟು ಕುಡಿದರು, ವಾಂತಿ ಎಷ್ಟು ಬಾರಿ ಆಯಿತು ಎಂದು ಬರೆದಿದ್ದರೆ ಮಾತ್ರ ಅದಕ್ಕೆ ಅರ್ಥ. ಸನ್ನಿಯಲ್ಲಿರುವವರನ್ನು ನಾಲ್ಕು ಜನ ಸೇರಿ ಬೋರಲು ಮಲಗಿಸಿ ಬೆನ್ನ ಮೇಲೆ ಭಾರ ಹಾಕಿ ಹಿಡಿದರೆ ಉಸಿರು ಕಟ್ಟಿ ಪ್ರಾಣ ಹೋಗಬಹುದು, ಹೊಸ ಸಿಬ್ಬಂದಿಗೆ ಇದನ್ನು ಪದೇ ಪದೇ ಹೇಳಬೇಕಾಗುತ್ತದೆ.

ಮೇಲಧಿಕಾರಿಗಳು ಅಡ್ಡಿ ಮಾಡಿದರೆ ನಿಮ್ಮ ಕೈಯಲ್ಲಿ ಒಂದು ಆಧಾರವಿರಲಿ. 2015ರಲ್ಲಿ ವಿಶ್ವಸಂಸ್ಥೆಯ ಸಾಮಾನ್ಯ ಸಭೆ ಅಂಗೀಕರಿಸಿದ ನೆಲ್ಸನ್ ಮಂಡೇಲಾ ನಿಯಮಗಳಲ್ಲಿ 30ನೆಯದು, ಹೊಸದಾಗಿ ಬಂದ ಪ್ರತಿಯೊಬ್ಬರನ್ನೂ ಆದಷ್ಟು ಬೇಗ ಪರೀಕ್ಷಿಸಿ ಮಾದಕವಸ್ತು, ಔಷಧಿ ಅಥವಾ ಮದ್ಯ ನಿಂತಾಗಿನ ಲಕ್ಷಣಗಳನ್ನು ಗುರುತಿಸಬೇಕೆಂದು ಹೆಸರಿಸಿಯೇ ಹೇಳುತ್ತದೆ. ವೈದ್ಯಕೀಯ ನಿರ್ಧಾರವನ್ನು ವೈದ್ಯಕೀಯ ಸಿಬ್ಬಂದಿಯೇ ತೆಗೆದುಕೊಳ್ಳಬೇಕು, ಅದನ್ನು ಇತರ ಸಿಬ್ಬಂದಿ ತಳ್ಳಿಹಾಕುವಂತಿಲ್ಲ ಎಂದು 27ನೆಯ ನಿಯಮ ಹೇಳುತ್ತದೆ. ಆಸ್ಪತ್ರೆಗೆ ಬೆಂಗಾವಲು ಇಲ್ಲ ಎಂಬ ಕಾರಣಕ್ಕೆ ತಡವಾದರೆ, ಯಾರು ಎಷ್ಟು ಗಂಟೆಗೆ ಇಲ್ಲವೆಂದರು ಎಂಬುದನ್ನು ಬರೆದಿಡಿ. ಹಾಗೆ ಬರೆಯತೊಡಗಿದ ಮೇಲೆ ಬೆಂಗಾವಲು ಸಿಗುವುದು ಹೆಚ್ಚಾಗುತ್ತದೆ, ಇದು ನನ್ನ ಅನುಭವ.

ಬ್ಯಾರಕ್ ಕಾವಲಿನವ

ಮೇಲಿನವರ ಮಾತನ್ನು ನಾನು ಅಲ್ಲಗಳೆಯುವುದಿಲ್ಲ, ಆದರೆ ನಮ್ಮ ಕಡೆಯ ಕಷ್ಟವನ್ನೂ ಕೇಳಬೇಕು. ಮಾತ್ರೆಗಾಗಿ ಹೊಟ್ಟೆನೋವು ಎನ್ನುವವರಿದ್ದಾರೆ. ಕೊಟ್ಟ ಮಾತ್ರೆಯನ್ನು ನಾಲಿಗೆಯಡಿ ಅಡಗಿಸಿ, ಆಮೇಲೆ ತೆಗೆದು ಇನ್ನೊಬ್ಬನಿಗೆ ಮಾರುವವರಿದ್ದಾರೆ, ಬಲವಂತದಿಂದ ಕಿತ್ತುಕೊಳ್ಳುವವರೂ ಇದ್ದಾರೆ. ರಾತ್ರಿ ಇಡೀ ಸಾಲಿಗೆ ಒಬ್ಬನೇ ಇರುವಾಗ ಗಂಟೆಗೊಮ್ಮೆ ಒಬ್ಬೊಬ್ಬರನ್ನು ಕರೆದು ಮಾತನಾಡಿಸುವುದು ಹೇಗೆ? ಅಫೀಮಿನವರು ನಾಲ್ಕು ದಿನ ನರಳಿ ತಾವೇ ಸರಿಹೋಗುವುದನ್ನು ನಾನು ಎಷ್ಟೋ ಸಲ ನೋಡಿದ್ದೇನೆ.

ಒಳಗಿದ್ದು ಬಂದವನು

ನಾನು ಹೆರಾಯಿನ್ ಬಿಟ್ಟದ್ದು ಜೈಲಿನಲ್ಲಿ. ಬಿಟ್ಟೆ ಎನ್ನುವುದಕ್ಕಿಂತ ಅದು ಸಿಗಲಿಲ್ಲ ಎನ್ನುವುದು ಸರಿ. ಮೊದಲ ರಾತ್ರಿ ಆಕಳಿಕೆ, ಮೂಗು ಕಣ್ಣಿನಲ್ಲಿ ನೀರು, ನೆಗಡಿ ಬಂದಂತೆ. ಎರಡನೆಯ ದಿನದಿಂದ ವಾಂತಿ, ಭೇದಿ; ಮೂಳೆಯ ಒಳಗೆ ಯಾರೋ ಕೈಯಾಡಿಸುತ್ತಿರುವಂಥ ನೋವು. ಕಾಲು ತಾನಾಗಿಯೇ ಒದ್ದುಕೊಳ್ಳುತ್ತಿತ್ತು. ಒಂದು ಲೋಟ ನೀರು ಕುಡಿದರೆ ಅದರ ಎರಡರಷ್ಟು ಹೊರಬರುತ್ತಿತ್ತು, ಆದ್ದರಿಂದ ನೀರು ಕುಡಿಯುವುದನ್ನೇ ನಿಲ್ಲಿಸಿದೆ. ಮೂರನೆಯ ದಿನ ಎದ್ದು ನಿಂತರೆ ಕಣ್ಣು ಕತ್ತಲೆ ಬರುತ್ತಿತ್ತು, ಮೂತ್ರ ಬಹುತೇಕ ನಿಂತಿತ್ತು. ಯಾರನ್ನೂ ಕರೆಯಲಿಲ್ಲ. ಕರೆದರೆ ಬೈಗುಳ ಸಿಗುತ್ತದೆ ಎಂಬುದಕ್ಕಿಂತ, ಇದು ನಾನು ತಂದುಕೊಂಡದ್ದು, ಅನುಭವಿಸಬೇಕಾದದ್ದೇ ಎಂದು ನನಗೂ ಅನ್ನಿಸಿತ್ತು. ಪಕ್ಕದ ಹಾಸಿಗೆಯ ಹಿರಿಯರೊಬ್ಬರು ಉಪ್ಪು ಸಕ್ಕರೆ ಬೆರೆಸಿದ ನೀರನ್ನು ರಾತ್ರಿಯಿಡೀ ಚಮಚದಲ್ಲಿ ಸ್ವಲ್ಪ ಸ್ವಲ್ಪವೇ ಕುಡಿಸಿದರು. ಕಾವಲಿನ ಸರ್ ಅವರೇ, ತಾವಾಗಿ ಸರಿಹೋದವರ ಪಕ್ಕದಲ್ಲಿ ಇಂಥವರು ಯಾರಾದರೂ ಇದ್ದರೇ ಎಂದು ಒಮ್ಮೆ ವಿಚಾರಿಸಿ ನೋಡಿ.

ವ್ಯಸನ ಚಿಕಿತ್ಸಾ ವೈದ್ಯ

ಮೇಲಿನ ಬರಹದಲ್ಲೇ ಮೇಡಂ ಅವರ ಮೂರನೆಯ ಪ್ರಶ್ನೆಗೆ ಉತ್ತರವಿದೆ. ಅಫೀಮಿನ ಜಾತಿಯವು ನಿಂತಾಗ ಮದ್ಯದಂತೆ ಫಿಟ್ಸ್ ಬಂದು ಸಾಯುವುದು ಸಾಮಾನ್ಯವಲ್ಲ, ಆದರೆ ದಿನಗಟ್ಟಲೆ ವಾಂತಿ ಭೇದಿಯಾಗಿ ನೀರಿನಂಶ ಮತ್ತು ಲವಣಗಳು ಏರುಪೇರಾಗಿ ಸತ್ತವರು ಇದ್ದಾರೆ, ಅವರಲ್ಲಿ ಜೈಲಿನಲ್ಲಿದ್ದ ಯುವಕರೂ ಸೇರಿದ್ದಾರೆ. ಆರೋಗ್ಯವಂತ ದೇಹ, ಗೊತ್ತಿರುವ ಕಾರಣ, ಸುಲಭದ ಚಿಕಿತ್ಸೆ. ಹಾಗಿದ್ದೂ ಸಾಯುತ್ತಾರೆ, ಏಕೆಂದರೆ "ಇದರಿಂದ ಯಾರೂ ಸಾಯುವುದಿಲ್ಲ" ಎಂದು ಎಲ್ಲರೂ ನಂಬಿರುತ್ತಾರೆ.

ಹೆರಾಯಿನ್ ಆದರೆ ಲಕ್ಷಣಗಳು 8ರಿಂದ 24 ಗಂಟೆಯೊಳಗೆ ಶುರುವಾಗಿ, 36ರಿಂದ 72 ಗಂಟೆಯ ನಡುವೆ ಅತಿ ಹೆಚ್ಚಾಗಿ, 5ರಿಂದ 10 ದಿನಗಳಲ್ಲಿ ತಗ್ಗುತ್ತವೆ. ಅದೇ ಜಾತಿಯ, ಹೆಚ್ಚು ಹೊತ್ತು ಉಳಿಯುವ ಔಷಧಿ ಮೆಥಡೋನ್ ಆದರೆ ನಿಧಾನವಾಗಿ ಬಂದು ವಾರಗಟ್ಟಲೆ ಉಳಿಯುತ್ತವೆ. ಅಳೆಯಲು ಕೌಸ್ ಎಂಬ 11 ಅಂಶಗಳ ಪಟ್ಟಿಯಿದೆ, ಅದರಲ್ಲಿ ಪಾಪೆಯ ಗಾತ್ರ, ಆಕಳಿಕೆ, ರೋಮ ನಿಮಿರುವುದು ಎಲ್ಲ ಬರುತ್ತವೆ. ಕ್ಲೊನಿಡಿನ್, ವಾಂತಿ ಮತ್ತು ಭೇದಿ ತಡೆಯುವ ಮಾತ್ರೆಗಳು ಕಷ್ಟವನ್ನು ಕಡಿಮೆ ಮಾಡುತ್ತವೆ. ಆದರೆ ಸರಿಯಾದ ಚಿಕಿತ್ಸೆಯೆಂದರೆ ಅಫೀಮಿನ ಜಾತಿಯವೇ ಆದ ಔಷಧಿಗಳು, ಬ್ಯುಪ್ರೆನಾರ್ಫಿನ್ ಅಥವಾ ಮೆಥಡೋನ್. ಇವೆರಡೂ 2005ರಿಂದ ವಿಶ್ವ ಆರೋಗ್ಯ ಸಂಸ್ಥೆಯ ಅತ್ಯಗತ್ಯ ಔಷಧಿಗಳ ಪಟ್ಟಿಯಲ್ಲಿವೆ. ಬ್ಯುಪ್ರೆನಾರ್ಫಿನ್ ಆರಂಭಿಸುವಾಗ ಅವಸರ ಸಲ್ಲದು. ಲಕ್ಷಣಗಳು ಸ್ಪಷ್ಟವಾಗಿ ಕಾಣುವ ಮುನ್ನವೇ ಕೊಟ್ಟರೆ ಅದೇ ವಿಡ್ರಾಯಲ್ ಅನ್ನು ಒಮ್ಮೆಲೇ ತೀವ್ರಗೊಳಿಸುತ್ತದೆ. ಹೊರಗೆ ಈ ಚಿಕಿತ್ಸೆಯಲ್ಲಿದ್ದು ಬಂದವರಿಗೆ ಒಳಗೆ ಅದನ್ನು ನಿಲ್ಲಿಸುವುದಕ್ಕಂತೂ ಯಾವ ವೈದ್ಯಕೀಯ ಕಾರಣವೂ ಇಲ್ಲ. ಗರ್ಭಿಣಿಯರಲ್ಲಿ ಅಫೀಮಿನ ವಸ್ತುವನ್ನು ಹಠಾತ್ತನೆ ನಿಲ್ಲಿಸಲೇಬಾರದು, ಈ ಎರಡರಲ್ಲೊಂದನ್ನು ಕೊಟ್ಟು ಕಾಪಾಡಬೇಕು.

ಕಾವಲಿನವರು ಹೇಳಿದ ಮಾತ್ರೆ ಮಾರಾಟ ನಿಜವಾದ ಸಮಸ್ಯೆ, ಅದನ್ನು ತಳ್ಳಿಹಾಕುವುದು ಸರಿಯಲ್ಲ. ಕಣ್ಣೆದುರೇ ಕೊಟ್ಟು, ಕರಗುವ ತನಕ ಕೂರಿಸಿ, ಬಾಯಿ ನೋಡಿ ಕಳಿಸುವುದು ಒಂದು ದಾರಿ. ತಿಂಗಳಿಗೊಮ್ಮೆ ಚುಚ್ಚುವ ಬ್ಯುಪ್ರೆನಾರ್ಫಿನ್ ಸಿಗುವ ಕಡೆ ಅದು ಇನ್ನೊಂದು. ಯಾರೋ ಮಾರುತ್ತಾರೆಂದು ಎಲ್ಲರಿಗೂ ನಿರಾಕರಿಸಿದರೆ ಒಳಗಿನ ಕಳ್ಳಪೇಟೆಯ ಗಿರಾಕಿಗಳು ಹೆಚ್ಚಾಗುತ್ತಾರೆ, ಅಷ್ಟೇ. ಕೊಕೇನ್, ಮೆಥಾಂಫೆಟಮಿನ್ ಬಿಟ್ಟವರು ಸುಮ್ಮನೆ ಮುದುಡಿ ಮಲಗಿರುತ್ತಾರೆ, ಗಲಾಟೆ ಇಲ್ಲ. ಅಂಥವರಲ್ಲಿ ಆತ್ಮಹತ್ಯೆಯ ಯೋಚನೆ ಇದೆಯೇ ಎಂದು ನೇರವಾಗಿ ಕೇಳಬೇಕು.

ಕೊನೆಯದಾಗಿ, ಬಿಡುಗಡೆ. ಒಳಗೆ ಕೆಲವು ವಾರ ಕಳೆದ ದೇಹ ಹಳೆಯ ಪ್ರಮಾಣವನ್ನು ತಡೆಯುವ ಶಕ್ತಿಯನ್ನು ಕಳೆದುಕೊಂಡಿರುತ್ತದೆ. ಅಮೆರಿಕದ ವಾಷಿಂಗ್ಟನ್ ರಾಜ್ಯದ ಸೆರೆಮನೆಗಳಿಂದ ಬಿಡುಗಡೆಯಾದವರ ಬಗ್ಗೆ 2007ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಮೊದಲ ಎರಡು ವಾರಗಳಲ್ಲಿ ಮಾದಕವಸ್ತುವಿನ ಮಿತಿಮೀರಿದ ಸೇವನೆಯಿಂದ ಸಾಯುವ ಅಪಾಯ ಇತರ ನಾಗರಿಕರಿಗಿಂತ 129 ಪಟ್ಟು ಇತ್ತು. ಹೀಗಾಗಿ, ಚಿಕಿತ್ಸೆಯಲ್ಲಿರುವವರನ್ನು ಹೊರಗಿನ ಕೇಂದ್ರದ ದಿನಾಂಕವಿರುವ ಚೀಟಿಯೊಂದಿಗೆ ಕಳಿಸಿ, ಸಾಧ್ಯವಿದ್ದಲ್ಲಿ ಜೊತೆಗೆ ಅಫೀಮಿನ ಜಾತಿಯ ವಸ್ತು ಅತಿಯಾದಾಗ ಅದರ ಪರಿಣಾಮ ತಡೆಯುವ ನಾಲಾಕ್ಸೋನ್ ಕೊಟ್ಟು, ಅದನ್ನು ಬಳಸುವುದನ್ನು ಮನೆಯವರಿಗೂ ತೋರಿಸಿಕೊಡಿ. ಸ್ಕಾಟ್ಲೆಂಡಿನ ಜೈಲುಗಳಲ್ಲಿ ಬಿಡುಗಡೆಯ ವೇಳೆ ಹೀಗೆ ಕೊಡುವ ಕಾರ್ಯಕ್ರಮ 2011ರಿಂದ ನಡೆದಿದೆ.

ರಾತ್ರಿಪಾಳಿ ನರ್ಸ್

ಎಲ್ಲರಿಗೂ ಧನ್ಯವಾದಗಳು. ನಮ್ಮ ವೈದ್ಯರೊಂದಿಗೆ ಮಾತನಾಡಿ, ದಾಖಲಾತಿ ನಮೂನೆಯಲ್ಲಿ "ಮದ್ಯಪಾನ: ಇದೆ / ಇಲ್ಲ" ಎಂದಿದ್ದ ಸಾಲನ್ನು ತೆಗೆಸಿ "ಕೊನೆಯ ಸೇವನೆ: ದಿನ, ಗಂಟೆ, ಏನು, ಎಷ್ಟು" ಎಂದು ಬರೆಸಿದ್ದೇವೆ. ಪಾಳಿ ಪುಸ್ತಕದ ಮೊದಲ ಪುಟಕ್ಕೆ ಹೆಸರು ತರುವ ಪ್ರಸ್ತಾಪವನ್ನು ಅಧೀಕ್ಷಕರು ಇನ್ನೂ ಒಪ್ಪಿಲ್ಲ. ಒಂದು ಸಣ್ಣ ಸಂದೇಹ ಉಳಿದಿದೆ. ಎರಡು ರಾತ್ರಿ ನಿದ್ರೆಯಿಲ್ಲದೆ ಒದ್ದಾಡಿದವರು ಔಷಧಿ ಕೊಟ್ಟ ಮೇಲೆ ಕಡೆಗೂ ಮಲಗಿದಾಗ, ತಪಾಸಣೆಗೆಂದು ಎಬ್ಬಿಸಬೇಕೇ?

ವ್ಯಸನ ಚಿಕಿತ್ಸಾ ವೈದ್ಯ

ಪೂರ್ತಿ ಎಚ್ಚರಿಸಿ ಅಂಕ ಹಾಕುವ ಅಗತ್ಯ ಪ್ರತಿ ಸಲ ಇರುವುದಿಲ್ಲ, ಆದರೆ ಹತ್ತಿರ ಹೋಗಿ ಒಂದು ಪೂರ್ತಿ ನಿಮಿಷ ಉಸಿರು ಎಣಿಸಿ, ಹೆಗಲು ಮುಟ್ಟಿ ಹೆಸರು ಕರೆಯಿರಿ. ಕಣ್ಣು ಬಿಟ್ಟೋ ಗೊಣಗಿಯೋ ಮಗ್ಗುಲಾದರೆ ಮಲಗಲು ಬಿಡಿ. ಪ್ರತಿಕ್ರಿಯೆ ಇಲ್ಲದಿದ್ದರೆ, ಉಸಿರು ನಿಮಿಷಕ್ಕೆ 10ಕ್ಕಿಂತ ಕೆಳಗಿಳಿದಿದ್ದರೆ ಅಥವಾ ತುಟಿ ನೀಲಿಗಟ್ಟಿದ್ದರೆ ಅದು ನಿದ್ರೆಯಲ್ಲ, ತಕ್ಷಣ ಸಹಾಯಕ್ಕೆ ಕರೆಯಬೇಕು. ಗೊರಕೆಯ ಬಗ್ಗೆ ಕಾವಲಿನವರಿಗೂ ಹೇಳಿಡಿ. ಎಂದೂ ಇಲ್ಲದಂಥ, ಗಂಟಲಲ್ಲಿ ನೀರು ಗುಳುಗುಳು ಎಂದಂತೆ ಕೇಳುವ ಗೊರಕೆ ಅಫೀಮಿನ ಜಾತಿಯ ಔಷಧಿ ಅತಿಯಾದಾಗಿನ ಸದ್ದು, ಅದನ್ನು ಕೇಳಿಸಿಕೊಂಡು "ಚೆನ್ನಾಗಿ ನಿದ್ರಿಸುತ್ತಿದ್ದಾನೆ" ಎಂದು ಬರೆದಿದ್ದ ಪುಸ್ತಕವೊಂದನ್ನು ನಾನು ನೋಡಿದ್ದೇನೆ.